ಬಲಗಣ್ಣಿಗೆ ಕಂಡ ಅಪ್ಪ

ಚಿತ್ರ ಬರೆಯುವವರು ಅಳತೆ ತೆಗೆದುಕೊಳ್ಳುವುದು ಒಂದು ಕಣ್ಣು ಮುಚ್ಚಿ. ಕೈಯನ್ನು ಮುಂದಕ್ಕೆ ಚಾಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಎದುರಿಗೆ ಕೂತವರ ತಲೆ ಪೆನ್ಸಿಲಿನ ತುದಿಯಿಂದ ಹೆಬ್ಬೆರಳವರೆಗೆ ಎಷ್ಟು ಬರುತ್ತದೆ ಎಂದು ನೋಡುತ್ತೇವೆ. ಹದಿನಾಲ್ಕು ವರ್ಷಗಳಿಂದ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿದ್ದೇನೆ. ಆ ಭಾನುವಾರ ಮತ್ತೋಡಿನಲ್ಲಿ, ಕುರಿರೊಪ್ಪದ ಪಕ್ಕದ ಕಲ್ಲಿನ ಮೇಲೆ ಕೂತಿದ್ದ ಅಪ್ಪನ ಕಡೆಗೆ ಪೆನ್ಸಿಲ್ ಹಿಡಿದು ಎಡಗಣ್ಣು ಮುಚ್ಚಿದೆ. ಅಪ್ಪನ ತಲೆ ಇರಲಿಲ್ಲ.

ಹೆಗಲಿತ್ತು. ಹೆಗಲ ಮೇಲೆ ಕಂಬಳಿ ಇತ್ತು. ಮೊಣಕಾಲಿಗೆ ಒರಗಿಸಿದ ಕೋಲಿತ್ತು. ಕುತ್ತಿಗೆಯಿಂದ ಮೇಲೆ, ಒದ್ದೆ ಬಟ್ಟೆಯಲ್ಲಿ ಸ್ಲೇಟು ಒರೆಸಿದಾಗ ಉಳಿಯುವಂಥ ಬೂದಿ ಬಣ್ಣ. ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಬೂದಿ ಅಲ್ಲೇ ಇತ್ತು. ನೋಟವನ್ನು ಕೆಳಗಿಳಿಸಿ ಅಪ್ಪನ ಪಾದ ನೋಡಿದರೆ ಪಾದ ಮಾಯವಾಗಿ, ಮುಖ ಮಸುಕು ಮಸುಕಾಗಿ ಮೇಲಿನ ಅಂಚಿನಲ್ಲಿ ಕಂಡಿತು. ನಾನು ಎಲ್ಲಿ ನೋಡುತ್ತೇನೋ ಅಲ್ಲೇ ಏನೂ ಇಲ್ಲ.

"ಯಾಕವ್ವ, ಕೈ ನಿಂತೋತು?" ಅಂದ ಅಪ್ಪ.

"ಏನಿಲ್ಲಪ್ಪ, ಬಿಸ್ಲು" ಅಂದೆ.

ನಾನು ಹೊಸದುರ್ಗದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಹೆಸರು ಗಿರಿಜ. ವಾರ್ಷಿಕೋತ್ಸವದ ಪರದೆ, ವಿಜ್ಞಾನ ಮೇಷ್ಟ್ರ ಚಾರ್ಟು, ಯಾರದೋ ಮದುವೆ ಮನೆಯ ರಂಗೋಲಿ, ಗೋಡೆಯ ಮೇಲಿನ ಘೋಷಣೆ, ಇಷ್ಟು ವರ್ಷ ಬರೆದದ್ದೆಲ್ಲ ಬೇರೆಯವರು ಕೇಳಿದ್ದು. ಇದು ನನ್ನದು ಎಂದು ಹೇಳಿಕೊಳ್ಳಲು ಒಂದು ಚಿತ್ರವೂ ಇರಲಿಲ್ಲ. ನಲವತ್ತು ತುಂಬುವುದರೊಳಗೆ ಅಪ್ಪನನ್ನೂ ಅವನ ಕುರಿಗಳನ್ನೂ ದೊಡ್ಡದಾಗಿ ಬರೆಯಬೇಕು ಎಂದು ಹಟ ತೊಟ್ಟು, ಎರಡು ತಿಂಗಳಿಂದ ಭಾನುವಾರ ಬಂದರೆ ಮತ್ತೋಡಿನ ಬಸ್ಸು ಹತ್ತುತ್ತಿದ್ದೆ. ಕಂಬಳಿಯ ಮಡಿಕೆ, ಕುರಿಯ ಕಾಲು, ಅಪ್ಪನ ಕೆಂಪು ರುಮಾಲಿನ ಸುತ್ತುಗಳು ಎಂದು ಪುಸ್ತಕದ ಅರ್ಧದಷ್ಟು ತುಂಬಿತ್ತು.

ನಾಲ್ಕು ದಿನದಿಂದ ಕಣ್ಣು ಆಚೀಚೆ ತಿರುಗಿಸಿದರೆ ಒಳಗೆ ಹಿಂಡಿದಂತೆ ನೋಯುತ್ತಿತ್ತು. ಪೇಪರ್ ತಿದ್ದಿ ತಿದ್ದಿ ಬಂದ ತಲೆನೋವು ಎಂದುಕೊಂಡಿದ್ದೆ. ಆ ದಿನ ಸಂಜೆ ಬಸ್ಸಿನಲ್ಲಿ ವಾಪಸು ಬರುವಾಗ ನೂರು ಸಲ ಎಡಗಣ್ಣು ಮುಚ್ಚಿ ತೆರೆದಿರಬೇಕು. ಪಕ್ಕದಲ್ಲಿ ಕೂತಿದ್ದ ಹೆಂಗಸು ನನಗೇನೋ ಮುಖ ಸೆಳೆಯುವ ಕಾಯಿಲೆ ಎಂದು ಸರಿದು ಕೂತಳು.

ಮನೆಯಲ್ಲಿ ಹೇಳಲಿಲ್ಲ. ಯಾಕೆ ಎಂದು ಆಮೇಲೆ ಎಲ್ಲರೂ ಕೇಳಿದರು. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎಂದು ಹೆದರಿದ್ದೆ, ಅಷ್ಟೇ. ಸೋಮವಾರ ಬೋರ್ಡಿನ ಮೇಲೆ ಕೆಂಪು ಸೀಮೆಸುಣ್ಣದಲ್ಲಿ ದಾಸವಾಳ ಬರೆದು, ಮಕ್ಕಳ ಕಡೆ ಬೆನ್ನು ಹಾಕಿಕೊಂಡೇ ಎಡಗಣ್ಣು ಮುಚ್ಚಿದೆ. ಹೂವಿನ ನಡುಭಾಗ ಇಲ್ಲ, ಉಳಿದ ಎಸಳು ಇಟ್ಟಿಗೆ ಪುಡಿಯ ಬಣ್ಣ. ಸೀಮೆಸುಣ್ಣ ಬಿದ್ದು ಎರಡು ತುಂಡಾಯಿತು. ಮಂಗಳವಾರ ಬೂದಿ ಇನ್ನಷ್ಟು ಅಗಲವಾಯಿತು. ಬುಧವಾರ ಬೆಳಿಗ್ಗೆ ಯಜಮಾನರಿಗೆ ಟೀ ಬಗ್ಗಿಸುವಾಗಲೂ ಎಡಗಣ್ಣು ಮುಚ್ಚಿ ನೋಡುತ್ತ, ಲೋಟದೊಳಕ್ಕೆ ಎಂದುಕೊಂಡು ಪಕ್ಕದ ಕಟ್ಟೆಯ ಮೇಲೆ ಸುರಿದೆ. ಅರ್ಧ ಪಾತ್ರೆ ಖಾಲಿಯಾಗುವವರೆಗೂ ಗೊತ್ತಾಗಲಿಲ್ಲ.

ಯಜಮಾನರು, ಬೀರೇಶ್, ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್. ಕಂಬ ಹತ್ತುವ ಮನುಷ್ಯ, ಸುಮ್ಮಸುಮ್ಮನೆ ಗಾಬರಿಯಾಗುವವರಲ್ಲ. ಹರಿಯುತ್ತಿದ್ದ ಟೀಯನ್ನೂ ನನ್ನ ಮುಖವನ್ನೂ ನೋಡಿದರು.

"ಏನಾಗೈತೆ ನಿಂಗೆ?"

ಹೇಳಿದೆ.

"ಎಷ್ಟು ದಿನ ಆತು?"

"ಭಾನುವಾರದಿಂದ."

"ಭಾನುವಾರ! ಇವತ್ತು ಬುಧವಾರ ಕಣೇ." ಬಯ್ಯಲಿಲ್ಲ. ಹೊರಗೆ ಹೋಗಿ ಬೈಕಿನ ಹತ್ತಿರ ನಿಂತು ಫೋನಿನಲ್ಲಿ ರಜೆ ಹೇಳಿ ಒಳಗೆ ಬಂದು, "ಸೀರೆ ಉಟ್ಕ. ದುರ್ಗಕ್ಕೆ ಹೋಗಾಣ" ಅಂದರು.

ಬಸ್ಸು ಹೊಳಲ್ಕೆರೆಯಲ್ಲಿ ನಿಂತಾಗ ನಿಲ್ದಾಣದ ಬೋರ್ಡು ಕಿಟಕಿಗೆ ನೇರವಾಗಿತ್ತು. ಎಡಗಣ್ಣಿಗೆ ಊರಿನ ಹೆಸರು ಪೂರ್ತಿ ಕಂಡಿತು. ಬಲಗಣ್ಣಿಗೆ ಮೊದಲ ಅಕ್ಷರ, ಕೊನೆಯ ಅಕ್ಷರ, ನಡುವೆ ಹೊಗೆ. ಬೀರೇಶ್ ನನ್ನ ಕೈ ಹಿಡಿದು ಕೆಳಗಿಳಿಸಿ, "ಮತ್ತೆ ಮತ್ತೆ ಮುಚ್ಚಿ ನೋಡಬ್ಯಾಡ" ಅಂದರು. ಅವರ ಅಂಗೈ ಬೆವೆತಿತ್ತು.

ಚಿತ್ರದುರ್ಗದ ಕಣ್ಣಾಸ್ಪತ್ರೆಯ ಹೊರಗಿನ ಹಾಲಿನಲ್ಲಿ ಕಣ್ಣಿಗೆ ಔಷಧಿ ಬಿಡಿಸಿಕೊಂಡವರೆಲ್ಲ ಗೋಡೆಗೆ ತಲೆ ಆನಿಸಿ, ಕಣ್ಣು ಮುಚ್ಚಿ, ಬಾಯಿ ಅರ್ಧ ತೆರೆದು ಕೂತಿದ್ದರು. ಹೆಚ್ಚಿನವರು ಅಪ್ಪನ ವಯಸ್ಸಿನವರು. ಪಕ್ಕದಲ್ಲಿದ್ದ ಅಜ್ಜ ಕಣ್ಣು ತೆರೆಯದೆಯೇ ಕೇಳಿದ: "ಪೊರೆ ಏನಮ್ಮ?"

"ಗೊತ್ತಿಲ್ಲ ಅಜ್ಜ."

"ಪೊರೆ ಆದ್ರೆ ಪುಣ್ಯ. ತೆಗ್ದು ಬಿಸಾಕ್ತಾರೆ."

ದೇವರೇ, ಪೊರೆಯೇ ಆಗಿರಲಿ ಎಂದು ಬೇಡಿಕೊಂಡೆ. ಕಾಯಿಲೆಯನ್ನು ಬೇಡಿಕೊಂಡದ್ದು ಜೀವನದಲ್ಲಿ ಅದೇ ಮೊದಲು.

ಡಾಕ್ಟರು ನನಗಿಂತ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಯಂತ್ರದಲ್ಲೆಲ್ಲ ನೋಡಿದ ಮೇಲೆ ಡ್ರಾಯರಿನಿಂದ ಔಷಧಿ ಬಾಟಲಿಯ ಒಂದು ಕೆಂಪು ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು.

"ನೀವು ಟೀಚರ್ ಅಲ್ವಾ? ಇದರ ಕೆಂಪಿಗೆ ಎಡಗಣ್ಣಲ್ಲಿ ಹತ್ತಕ್ಕೆ ಹತ್ತು ಅಂತ ಇಟ್ಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಸ್ವಲ್ಪ ಪಕ್ಕಕ್ಕೆ ನೋಡಿ. ಬಲಗಣ್ಣಲ್ಲಿ ಎಷ್ಟು ಮಾರ್ಕ್ಸ್ ಕೊಡ್ತೀರಿ?"

"ಮೂರು" ಅಂದೆ. ಬಣ್ಣದಿಂದಲೇ ಹೊಟ್ಟೆ ಹೊರೆಯುವವಳು ನಾನು.

ಅವರು ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಕಣ್ಣಿನೊಳಗೆ ತೊಂದರೆ ಕಾಣುತ್ತಿಲ್ಲ, ಕಣ್ಣಿನಿಂದ ಮೆದುಳಿಗೆ ಹೋಗುವ ನರ ಊದಿಕೊಂಡಿದೆ, ಐದು ದಿನ ಡ್ರಿಪ್‌ನಲ್ಲಿ ಔಷಧಿ ಕೊಡಬೇಕು ಅಂದರು. ದಾವಣಗೆರೆಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿಕೊಂಡು ಬರಬೇಕು ಎಂದೂ ಹೇಳಿದರು.

"ತಲೆದು ಯಾಕೆ ಮೇಡಂ? ನೋವು ಕಣ್ಣಲ್ಲಿ ಐತೆ" ಅಂದರು ಬೀರೇಶ್.

"ಯಾಕೆ ಊದಿದೆ ಅಂತ ಗೊತ್ತಾಗಬೇಕಲ್ಲ. ಕೆಲವರಿಗೆ ಇದು ಮೆದುಳಿನಲ್ಲಿ ಶುರುವಾಗೋ ಕಾಯಿಲೆಯ ಮೊದಲ ಸೂಚನೆ ಆಗಿರುತ್ತೆ. ಕೆಲವರಿಗೆ ಇಷ್ಟಕ್ಕೇ ಮುಗಿಯುತ್ತೆ."

"ಕಣ್ಣು ಬರ್ತೈತಾ ಮೇಡಂ?" ಅಂತ ಕೇಳಿದ್ದು ನಾನೇ. ಶಾಲೆಯ ಭಾಷೆ ಮರೆತು ಹಟ್ಟಿಯ ಭಾಷೆ ಬಾಯಿಗೆ ಬಂದಿತ್ತು.

"ಬಹಳ ಜನಕ್ಕೆ ಬರುತ್ತೆ. ಎಲ್ಲರಿಗೂ ಬರುತ್ತೆ ಅಂತ ನಾನು ಸುಳ್ಳು ಹೇಳಲ್ಲ."

ಆಗ ಆ ಮಾತು ಕಲ್ಲಿನಂತೆ ಬಿತ್ತು. ಆಮೇಲೆ ಎಷ್ಟೋ ಜನ ಎಷ್ಟೋ ಸಮಾಧಾನ ಹೇಳಿದರು. ಅವರ್ಯಾರನ್ನೂ ನಂಬದಿದ್ದ ನಾನು ಈ ಡಾಕ್ಟರನ್ನು ನಂಬಿದ್ದು ಅವರು ಹಾಗೆ ಹೇಳಿದ್ದಕ್ಕೇ.

ನಾನು ಚೀಟಿ ಬರೆಸಿಕೊಂಡು ಹೊರಗೆ ಬರುವಷ್ಟರಲ್ಲಿ ಬೀರೇಶ್ ಕಾರಿಡಾರಿನ ತುದಿಯಲ್ಲಿ ಫೋನು ನೋಡುತ್ತ ನಿಂತಿದ್ದರು. ನನ್ನನ್ನು ಕಂಡು ಜೇಬಿಗೆ ಹಾಕಿಕೊಂಡರು.

"ಏನ್ ಬರೆದೈತೆ ಅದ್ರಾಗೆ?"

"ಏನಿಲ್ಲ. ನೆಟ್‌ವರ್ಕ್ ಸಿಗ್ತಿಲ್ಲ."

ಸಿಗುತ್ತಿತ್ತು. ಅವರು ಓದಿದ್ದು ಏನೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಆದರೆ ಅಂದಿನಿಂದ ನಾನು ಮೆಟ್ಟಿಲು ಇಳಿಯುವಾಗಲೆಲ್ಲ ನನ್ನ ಕಾಲನ್ನೇ ನೋಡತೊಡಗಿದರು. ಕಾಲಿಗೂ ಏನಾದರೂ ಆಗುತ್ತದೆ ಎಂದು ಅದರಲ್ಲಿ ಇದ್ದಿರಬೇಕು ಎಂದು ಆಗಲೇ ತಿಳಿದೆ.

ಸ್ಕ್ಯಾನ್ ಯಂತ್ರದೊಳಗೆ ಹೋದವರಿಗೆ ಗೊತ್ತು. ಮೂಗಿನ ಮೇಲೆ ಒಂದು ಗೇಣು ಜಾಗ, ತಲೆಗೆ ಜಾಲರಿ, ಅಲ್ಲಾಡಬಾರದು ಎಂಬ ಅಪ್ಪಣೆ, ಆಮೇಲೆ ಬಾಗಿಲಿಗೆ ಯಾರೋ ಗುದ್ದುತ್ತಿರುವಂಥ ಸದ್ದು. ಕೈಗೆ ಒತ್ತುವ ಬಲೂನು ಕೊಟ್ಟಿದ್ದರು, ಭಯವಾದರೆ ಒತ್ತಿ ಎಂದು. ಭಯ ಆಗಲೇ ಆಗಿತ್ತು, ಒತ್ತಿದರೆ ಮತ್ತೆ ಮೊದಲಿನಿಂದ ಮಾಡುತ್ತಾರೆ ಎಂದು ಒತ್ತಲಿಲ್ಲ. ಕಣ್ಣು ಮುಚ್ಚಿ ಮನಸ್ಸಿನಲ್ಲೇ ಬರೆಯಲು ಶುರು ಮಾಡಿದೆ. ಒಂದು ಗುದ್ದಿಗೆ ಕುರಿಯ ಒಂದು ಕಾಲು, ನಾಲ್ಕು ಗುದ್ದಿಗೆ ಒಂದು ಕುರಿ. ಹೊರಗೆಳೆದಾಗ ಅಪ್ಪನ ಹಿಂಡಿನಷ್ಟು ಕುರಿ ಬರೆದಿದ್ದೆ. ಎರಡೂ ಕಡೆ ಕಣ್ಣೀರು ಕಿವಿಯೊಳಕ್ಕೆ ಹರಿದಿತ್ತು.

ರಿಪೋರ್ಟು ಸೋಮವಾರ ಎಂದರು. ಅಲ್ಲಿಯವರೆಗೆ ದಿನವೂ ಡ್ರಿಪ್. ನನ್ನ ನಾದಿನಿ ಸುಧಾ ಚಿತ್ರದುರ್ಗದಲ್ಲಿ ಫ್ಲೆಕ್ಸ್ ಅಂಗಡಿ ಇಟ್ಟಿದ್ದಾಳೆ, ಮದುವೆ ಬ್ಯಾನರು, ಹುಟ್ಟುಹಬ್ಬದ ಕಟೌಟು ಎಲ್ಲವನ್ನೂ ಅವಳೇ ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುತ್ತಾಳೆ. ಅವಳ ಮನೆಯಲ್ಲೇ ಉಳಿದೆವು. ಮೊದಲ ದಿನ ಸೂಜಿ ಚುಚ್ಚಲು ಬಂದ ನರ್ಸಿಗೆ, "ಎಡಗೈಗೆ ಹಾಕ್ರಿ ಸಿಸ್ಟರ್" ಅಂದೆ.

"ಯಾಕೆ, ಬಲಗೈ ಊಟಕ್ಕೆ ಬೇಕೇನ್ರಿ?"

"ಬರೆಯೋದಕ್ಕೆ ಬೇಕು."

ಆಕೆ ನಕ್ಕಳು. ಎಡಗೈಯಲ್ಲಿ ನರ ಸಿಗದೆ ಮೂರು ಕಡೆ ಚುಚ್ಚಿದರೂ ಬಲಗೈ ಮುಟ್ಟಲಿಲ್ಲ. ಆ ಕರುಣೆಯನ್ನು ನಾನು ಮರೆತಿಲ್ಲ.

ಔಷಧಿ ಒಳಗೆ ಹೋಗುತ್ತಿದ್ದಂತೆ ಬಾಯಿಯಲ್ಲಿ ಕಬ್ಬಿಣದ ಮೊಳೆ ಚೀಪಿದ ರುಚಿ. ಎದೆ ಡವಡವ. ಎರಡೇ ದಿನಕ್ಕೆ ಮುಖ ಊದಿ, ಕನ್ನಡಿಯಲ್ಲಿ ನನ್ನ ದೊಡ್ಡಮ್ಮ ಕಂಡಳು. ನಿದ್ದೆ ಇಲ್ಲ, ಹೊಟ್ಟೆ ಮಾತ್ರ ಹಸಿದುಕೊಂಡೇ ಇರುತ್ತಿತ್ತು.

ಸುದ್ದಿ ಮುಟ್ಟಿದ ಮೇಲೆ ಅಪ್ಪ ಕುರಿಗಳನ್ನು ಚಿಕ್ಕಪ್ಪನಿಗೆ ಒಪ್ಪಿಸಿ ಸುಧಾಳ ಮನೆಗೆ ಬಂದ. ಒಳಗೆ ಬಂದವನೇ ನನ್ನ ಊದಿದ ಮುಖ ನೋಡಿ ಪಕ್ಕದಲ್ಲೇ ಕೂತ. ಆಮೇಲೆ ಕಂಬಳಿಯ ಮಡಿಕೆಯಿಂದ ಒಂದು ಪುಟ್ಟ ಸೀಸೆ ತೆಗೆದ. ಒಳಗೆ ಹಸಿರು ರಸ.

"ಬಿ.ದುರ್ಗದ ಕಡೆ ಒಬ್ರು ಕೊಡ್ತಾರೆ. ಮೂರು ಹನಿ ಬಿಟ್ರೆ ಸಾಕಂತೆ. ನಡ್ಕಂಡ್ ಹೋಗಿ ತಂದೀನಿ."

ಬೇಡ ಅನ್ನುವುದು ಎಷ್ಟು ಕಷ್ಟವಾಯಿತೆಂದರೆ, ಒಂದು ಕ್ಷಣ ಬಿಟ್ಟುಕೊಂಡೇ ಬಿಡೋಣ ಅನ್ನಿಸಿತು. ಏನಾದರೂ ಮಾಡಿದರೆ ಸಾಕು ಅನ್ನುವಷ್ಟು ಹೆದರಿದ್ದೆ. "ಅಪ್ಪ, ಉಳಿದಿರೋದು ಒಂದು ಕಣ್ಣು. ಡಾಕ್ಟ್ರು ಹೇಳ್ದೆ ಏನೂ ಹಾಕಲ್ಲ" ಅಂದೆ. ಅಪ್ಪ ಸೀಸೆಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ತಿರುಗಿಸುತ್ತ ಕೂತು, ಹೊರಗೆ ಹೋಗಿ ತುಳಸಿ ಪಕ್ಕದ ಮಣ್ಣಿಗೆ ಸುರಿದು ಬಂದ. "ಹೋಗ್ಲಿ ಬಿಡು. ನಂಗೆ ಇನ್ನೇನ್ ಮಾಡಾಕೆ ಬರ್ತೈತೆ ಹೇಳು" ಅಂದ.

"ಕಿಟಕಿ ಹತ್ರ ಕುಂತ್ಕ. ಅಷ್ಟು ಮಾಡು" ಅಂದೆ.

ದಿನಕ್ಕೊಂದು ಸಲ, ಒಂದೇ ಹೊತ್ತಿನಲ್ಲಿ, ಒಂದೇ ವಸ್ತುವನ್ನು ಬಲಗಣ್ಣಿನಿಂದ ಮಾತ್ರ ನೋಡಿ ಹೇಗೆ ಕಂಡಿತು ಎಂದು ಬರೆದಿಡಲು ಡಾಕ್ಟರು ಹೇಳಿದ್ದರು. ಬರೆಯಲು ಹೋದರೆ ನಾಲ್ಕು ಮಾತಿಗೆ ಮುಗಿಯುತ್ತಿತ್ತು, "ಮಸುಕು", "ಬೂದಿ", "ಇಲ್ಲ", "ಗೊತ್ತಿಲ್ಲ". ಹಾಗಾಗಿ ಚಿತ್ರ ಬರೆಯುವುದೆಂದುಕೊಂಡೆ. ಬೆಳಿಗ್ಗೆ ಹತ್ತಕ್ಕೆ ಅಪ್ಪ ಕಿಟಕಿಯ ಪಕ್ಕ ಕೂರಬೇಕು. ಎಡಗಣ್ಣಿಗೆ ಹತ್ತಿ ಇಟ್ಟು ಪಟ್ಟಿ ಹಾಕಿಕೊಂಡು, ಕಾಣುವುದಷ್ಟನ್ನೇ ಕಾಗದದ ಮೇಲೆ ತರುವುದು. ಗೊತ್ತಿರುವುದನ್ನು ಬರೆಯಬಾರದು. ಅದು ಬಲು ಕಷ್ಟ. ಅಪ್ಪನ ಮೂಗು ನನ್ನ ಕೈಗೆ ಗೊತ್ತು, ಕೈ ತಾನಾಗಿ ಬರೆಯಲು ಹೋಗುತ್ತದೆ. ತಡೆದೆ. ಮುಖ ಇರಬೇಕಾದಲ್ಲಿ ಪೆನ್ಸಿಲಿನ ಪುಡಿ ಉದುರಿಸಿ ಬೆರಳಿನಿಂದ ತೀಡಿದೆ. ರುಮಾಲಿಗೆ ಬಣ್ಣದ ಪೆನ್ಸಿಲು ಹಚ್ಚಿ, ಪಕ್ಕದಲ್ಲಿ "ಒಣಮೆಣಸಿನಕಾಯಿ ಬೀಜದ ಹಾಗೆ" ಎಂದು ಬರೆದೆ. ಎರಡನೇ ದಿನ ಬೀಜದ ಬಣ್ಣವೂ ಹೋಗಿ "ಒಣಹುಲ್ಲು" ಎಂದು ಬರೆಯಬೇಕಾಯಿತು. ಮೂರನೇ ದಿನ ಕಿಟಕಿಯ ಚೌಕಟ್ಟು ಬಿಟ್ಟರೆ ಏನೂ ಇರಲಿಲ್ಲ. ಖಾಲಿ ಹಾಳೆಯ ಅಂಚಿಗೆ ನಾಲ್ಕು ಗೆರೆ ಎಳೆದು ಪೆನ್ಸಿಲ್ ಕೆಳಗಿಟ್ಟೆ.

"ಆತೇನವ್ವ?" ಅಂದ ಅಪ್ಪ, ಅಲ್ಲಾಡದೆ.

"ಆತಪ್ಪ."

"ಇಷ್ಟು ಬೇಗ?"

ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ. ಔಷಧಿ ಕೆಲಸ ಮಾಡುತ್ತಿಲ್ಲ, ಇನ್ನು ಎಡಗಣ್ಣು, ಆಮೇಲೆ ಕಾಲು, ಆಮೇಲೆ ಕೈ. ಆ ಹೊತ್ತು ನಾನು ಕಂಡದ್ದು ಅಷ್ಟೇ.

ಸೋಮವಾರ ರಿಪೋರ್ಟು ಬಂತು. ಡಾಕ್ಟರು ಓದುವಷ್ಟು ಹೊತ್ತೂ ನಾನು ಅವರ ಹುಬ್ಬನ್ನೇ ನೋಡುತ್ತಿದ್ದೆ. ಮೆದುಳಿನಲ್ಲಿ ಒಂದು ಕಡೆ ಸಣ್ಣ ಬಿಳಿ ಚುಕ್ಕೆ ಇದೆ ಅಂದರು. ಒಂದೇ ಒಂದು. ಅದು ಏನೂ ಅಲ್ಲದಿರಬಹುದು, ಏನಾದರೂ ಆಗಬಹುದು, ಈಗಲೇ ಹೆಸರು ಇಡಲಾಗದು, ಆರು ತಿಂಗಳ ನಂತರ ಮತ್ತೆ ನೋಡೋಣ ಅಂದರು.

"ಆರು ತಿಂಗಳು ನಾವೇನ್ ಮಾಡ್ಬೇಕು ಮೇಡಂ?" ಬೀರೇಶರ ಧ್ವನಿ ಒಡೆದಿತ್ತು.

"ಮಾತ್ರೆ ಕೊಡ್ತೀನಿ. ಕೆಲಸಕ್ಕೆ ಹೋಗಲಿ, ಊಟ ಮಾಡಲಿ. ಚಿತ್ರ ಬರೆಯಲಿ."

ಅಪ್ಪನನ್ನೂ ಕರೆದುಕೊಂಡು ಹೊಸದುರ್ಗದ ಬಸ್ಸು ಹತ್ತಿದೆವು. ಕಾಯಿಲೆ ಎಂದಿದ್ದರೆ ಕಾಯಿಲೆ, ಇಲ್ಲ ಎಂದಿದ್ದರೆ ಇಲ್ಲ. ಇದು ಎರಡೂ ಅಲ್ಲ. ಸಾಸಿವೆಯಷ್ಟು ಬಿಳಿ ಚುಕ್ಕೆಯನ್ನು ತಲೆಯಲ್ಲಿ ಹೊತ್ತುಕೊಂಡು ತರಕಾರಿ ಹೆಚ್ಚುವುದು ಹೇಗೆ, ಹಾಜರಿ ಕೂಗುವುದು ಹೇಗೆ?

ನಮ್ಮ ಮನೆಯ ಕಿಟಕಿಯ ಪಕ್ಕವೂ ಅಪ್ಪ ದಿನಾ ಹತ್ತಕ್ಕೆ ಕೂರುತ್ತಿದ್ದ. ಒಂಬತ್ತನೇ ದಿನ ಅವನ ಹುಬ್ಬು ಕಂಡಿತು. ಎಡಗಡೆಯ ಹುಬ್ಬಿನ ಹೊರತುದಿ ಮಾತ್ರ. ಹೊಗೆಯಲ್ಲಿ ಒಂದು ಬಿಳಿ ಗೀಟು. ನಂಬದೆ ಪಟ್ಟಿ ಬಿಚ್ಚಿ, ಮತ್ತೆ ಕಟ್ಟಿ ನೋಡಿದೆ. ಇತ್ತು. ಅದನ್ನು ಎಷ್ಟು ಒತ್ತಿ ಬರೆದೆನೆಂದರೆ ಹಾಳೆ ಹರಿಯಿತು. ಆಮೇಲೆ ದಿನಕ್ಕಿಷ್ಟು ಅಂಚಿನಿಂದ ಒಳಕ್ಕೆ ಬರುತ್ತ ಹೋಯಿತು, ಕಿವಿ, ಕೆನ್ನೆಯ ಮೂಳೆ, ಮೀಸೆಯ ಅರ್ಧ. ಹದಿನೇಳನೆಯ ಚಿತ್ರದಲ್ಲಿ ಅಪ್ಪನ ಎರಡೂ ಕಣ್ಣು ಇದ್ದವು, ಮಸುಕಾಗಿ. ಕೆಂಪು ಮಾತ್ರ ಪೂರ್ತಿ ಬರಲಿಲ್ಲ. ಇವತ್ತಿಗೂ ಹತ್ತಕ್ಕೆ ಏಳು.

ಆ ಹದಿನೇಳು ಹಾಳೆಗಳನ್ನು ಸುಧಾ ಒಂದು ಮಧ್ಯಾಹ್ನ ನೋಡಿ, "ಅತ್ತಿಗೆ, ಇವನ್ನ ಸ್ಕ್ಯಾನ್ ಮಾಡಿ ಇಡ್ತೀನಿ ಕೊಡ್ರಿ, ಪೆನ್ಸಿಲ್ ಉದುರಿ ಹೋಗ್ತೈತೆ" ಅಂದಳು. ಸ್ಕ್ಯಾನ್ ಎಂಬ ಮಾತಿಗೇ ನನಗೆ ನಡುಕ. ಆದರೂ ಕೊಟ್ಟೆ. ಎರಡು ದಿನ ಬಿಟ್ಟು ಅಂಗಡಿಗೆ ಕರೆದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಪರದೆಯ ಮೇಲೆ ಅಪ್ಪ. ಬೂದಿಯನ್ನೆಲ್ಲ ಅಳಿಸಿ, ಹದಿನೇಳನೆಯ ಚಿತ್ರದ ಮುಖವನ್ನು ತಂದು ಎಲ್ಲ ಚಿತ್ರಕ್ಕೂ ಕೂರಿಸಿದ್ದಳು. ರುಮಾಲು ಧಗಧಗ ಕೆಂಪು. ಹಿಂದೆ ಸಂಜೆಯ ಬಾನು, ಸಾಲಾಗಿ ಕುರಿ.

"ಹೆಂಗೈತೆ?" ಅವಳ ಮುಖದಲ್ಲಿ ಎಷ್ಟು ಖುಷಿ!

ನನಗೆ ಬಂದ ಸಿಟ್ಟಿಗೆ ನಾನೇ ಬೆಚ್ಚಿದೆ. "ಯಾರ್ ಹೇಳಿದ್ರು ನಿಂಗೆ ಮುಖ ತುಂಬು ಅಂತ?"

"ಇಲ್ದಿದ್ರೆ ಅರ್ಧಂಬರ್ಧ ಕಾಣ್ತಿತ್ತು ಅತ್ತಿಗೆ..."

"ಅರ್ಧಂಬರ್ಧವೇ ಸುಧಾ! ನಾನು ಕಂಡಿದ್ದೇ ಅದು. ನೀನು ಅಳಿಸಿದ್ದು ಕೊಳೆ ಅಲ್ಲ, ನನ್ ಕಾಯಿಲೆ."

ಅವಳ ಕಣ್ಣು ತುಂಬಿತು. ಅಂಗಡಿಗೆ ಬಂದಿದ್ದ ಗಿರಾಕಿ ಹೊರಗೆ ಹೋಗಿ ನಿಂತ. ಸುಧಾ ಮೆಲ್ಲಗೆ ಹೇಳಿದಳು, "ನೀವು ಏನ್ ಕಂಡ್ರಿ ಅಂತ ನಂಗೆ ಗೊತ್ತಿಲ್ಲ ಅತ್ತಿಗೆ. ನಮ್ ಯಾರಿಗೂ ಗೊತ್ತಿಲ್ಲ. ನೀವೇ ಕುಂತ್ಕಂಡು ತೋರ್ಸ್ರಿ."

ಹೀಗೆ ಆ ಕೆಲಸ ಶುರುವಾಯಿತು. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಚಿತ್ರದುರ್ಗಕ್ಕೆ ಹೋಗುವುದು, ಅವಳ ಪಕ್ಕ ಇನ್ನೊಂದು ಕುರ್ಚಿಯಲ್ಲಿ ಕೂರುವುದು. ಪೆನ್ಸಿಲಿನ ಗೆರೆಯನ್ನು ಒಂದು ಪದರ, ಬಣ್ಣವನ್ನು ಇನ್ನೊಂದು, ಹೊಗೆಯನ್ನು ಮತ್ತೊಂದು ಪದರ ಮಾಡುವುದನ್ನು ಅವಳು ಕಲಿಸಿದಳು. ಗಾಜಿನ ಹಾಳೆಗಳನ್ನು ಒಂದರ ಮೇಲೊಂದು ಇಟ್ಟಂತೆ. ಹೊಗೆಯ ಪದರವನ್ನು ಸರಿಸಬಹುದು, ತೆಳುವಾಗಿಸಬಹುದು, ಬೇಕೆಂದರೆ ತೆಗೆದೂ ಬಿಡಬಹುದು. ಹದಿನೇಳನೆಯ ಚಿತ್ರದಿಂದ ಮೊದಲ ಸಲ ಅದನ್ನು ತೆಗೆದಾಗ ಅಪ್ಪ ಪೂರ್ತಿ ಕಂಡ. ಮೌಸಿನ ಒಂದು ಗುಂಡಿ ಒತ್ತಿ ಬೂದಿಯನ್ನು ತೆಗೆಯುವ ಅಧಿಕಾರ ಅಲ್ಲಿಯವರೆಗೆ ನನಗೆ ಯಾರೂ ಕೊಟ್ಟಿರಲಿಲ್ಲವಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ರುಮಾಲಿನ ಬಣ್ಣ. ಅಪ್ಪನ ಹಳೆಯ ರುಮಾಲೊಂದನ್ನು ಕೇಳಿ ತಂದು ಕಂಪ್ಯೂಟರಿನ ಪಕ್ಕ ಇಟ್ಟುಕೊಂಡೆ. ಬಲಗಣ್ಣಿನಿಂದ ಬಟ್ಟೆ ನೋಡುವುದು, ಎಡಗಣ್ಣಿನಿಂದ ಪರದೆ ನೋಡುವುದು. "ಇನ್ನೂ ಕಮ್ಮಿ ಮಾಡು. ಕೆಂಪು ಇಳಿಸು. ಹಳದಿ ಬ್ಯಾಡ, ಬೂದಿ ಸೇರ್ಸು. ನಿಲ್ಲು, ನಿಲ್ಲು. ಅದೇ." ಹಳೆಯ ದಿನಗಳ ಬಣ್ಣಕ್ಕೆ ಹಾಳೆಯ ಪಕ್ಕದ ಟಿಪ್ಪಣಿಯೇ ಆಧಾರ. ಸುಧಾ ಮನೆಯಿಂದ ಮೆಣಸಿನಕಾಯಿ ಬೀಜ ತಂದಳು, ಅಪ್ಪನ ಹಟ್ಟಿಯಿಂದ ಒಣಹುಲ್ಲು ಬಂತು. ಒಂದೇ ರೇಖಾಚಿತ್ರಕ್ಕೆ ಎಂಟು, ಹತ್ತು ರೂಪ ಮಾಡಿ, ಒಂದನ್ನು ಬಿಟ್ಟು ಉಳಿದವನ್ನು ತೆಗೆಯುತ್ತಿದ್ದೆವು. ಚೆಂದ ಕಂಡದ್ದಕ್ಕಿಂತ, ನೋಡಿದ ಕೂಡಲೇ ಹಳೆಯ ಭಯ ಎದ್ದು ಬಂದದ್ದನ್ನೇ ಇಟ್ಟುಕೊಂಡೆ.

ಒಂದು ಶನಿವಾರ ಬೀರೇಶ್ ನನ್ನನ್ನು ಕರೆದೊಯ್ಯಲು ಬಂದರು. ಪರದೆಯ ಮೇಲೆ ಮೂರನೇ ದಿನದ ಚಿತ್ರವಿತ್ತು, ಕಿಟಕಿಯ ಚೌಕಟ್ಟು, ನಡುವೆ ಬೂದಿ. ಹೆಲ್ಮೆಟ್ ಕೈಯಲ್ಲಿ ಹಿಡಿದೇ ನಿಂತರು.

"ಇದ್ಯಾವುದು, ಇನ್ನೂ ಬರೆದಿಲ್ವಾ?"

"ಬರೆದು ಮುಗಿಸಿದ್ದು. ಮೂರನೇ ದಿನದ್ದು."

"ಅಪ್ಪ ಎಲ್ಲಿ?"

"ಅಲ್ಲೇ ಕುಂತಿದ್ದ."

ಅವರು ಹೆಲ್ಮೆಟ್ ಕೆಳಗಿಟ್ಟು, ನನ್ನ ಕುರ್ಚಿಯ ಹಿಂದೆ ನಿಂತು, ತುಂಬಾ ಹೊತ್ತು ನೋಡಿದರು. ಆಮೇಲೆ, "ಆವತ್ತು ನೀನು ಬಚ್ಚಲಿಂದ ಬಂದು, ಏನಿಲ್ಲ, ಟೀ ಕುಡೀತೀರಾ ಅಂತ ಕೇಳಿದ್ದೆ" ಅಂದರು. ಅಷ್ಟೇ ಹೇಳಿ ಹೊರಗೆ ಹೋದರು. ಆ ದಿನ ಮನೆಗೆ ಬಂದ ಮೇಲೆ, ತಾವು ಆಸ್ಪತ್ರೆಯ ಕಾರಿಡಾರಿನಲ್ಲಿ ಓದಿದ್ದನ್ನೆಲ್ಲ ಒಂದೊಂದಾಗಿ ಹೇಳಿದರು. ನಾನು ಊಹಿಸಿದ್ದಕ್ಕಿಂತ ಕಡಿಮೆಯೇ ಇತ್ತು. ಇಬ್ಬರೂ ಬೇರೆ ಬೇರೆ ಕೂತು ಬೇರೆ ಬೇರೆ ಹೆದರಿದ್ದೆವು.

ಅಪ್ಪನಿಗೆ ತೋರಿಸಿದ್ದು ಮಾತ್ರ ಸರಿಹೋಗಲಿಲ್ಲ. ಅಚ್ಚು ಹಾಕಿಸಿದ ಹಾಳೆಗಳನ್ನು ಒಂದೊಂದಾಗಿ ನೋಡುತ್ತ ಬಂದವನು ತಲೆ ಇಲ್ಲದ ತನ್ನ ಮೈ ಕಂಡು ಕೈ ಹಿಂದಕ್ಕೆ ಎಳೆದುಕೊಂಡ. "ನಂದು ತಲೆ ಎಲ್ಲವ್ವ?"

"ಆವತ್ತು ಕಾಣ್ಲಿಲ್ಲಪ್ಪ."

"ಬದುಕಿರೋರ್ನ ಹಿಂಗೆ ಬರೀಬಾರ್ದು. ಇದನ್ನ ಮನೇಲಿ ಹಾಕಬ್ಯಾಡ." ಅವನ ಧ್ವನಿಯಲ್ಲಿ ಸಿಟ್ಟಿಗಿಂತ ಹೆದರಿಕೆ ಇತ್ತು. ನಾನು ವಾದಿಸಲಿಲ್ಲ. ಇವತ್ತಿಗೂ ಅವು ಸುಧಾಳ ಅಂಗಡಿಯಲ್ಲಿ, ನನ್ನ ಫೋನಿನಲ್ಲಿ ಇವೆ. ಮತ್ತೋಡಿನ ಮನೆಯ ಗೋಡೆಯಲ್ಲಿರುವುದು ಪೂರ್ತಿ ಮುಖದ್ದು ಮಾತ್ರ.

ಏಪ್ರಿಲ್‌ನಲ್ಲಿ ಒಂದು ದಿನ ಬಸ್ ನಿಲ್ದಾಣದಿಂದ ಶಾಲೆಗೆ ಬಿಸಿಲಿನಲ್ಲಿ ಬೇಗ ಬೇಗ ನಡೆಯುತ್ತಿದ್ದಾಗ, ಬಲಗಣ್ಣಿನಲ್ಲಿ ಮತ್ತೆ ಹೊಗೆ ಎದ್ದಿತು. ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತೆ. ಮತ್ತೆ ಬಂತು, ಮುಗಿಯಿತು ಎಂದು ಡಾಕ್ಟರಿಗೆ ಫೋನು ಮಾಡಿದೆ. "ನೆರಳಲ್ಲಿ ಕೂತಿದ್ದೀರಾ? ನೀರು ಕುಡಿಯಿರಿ. ಮೈ ಬಿಸಿಯಾದ್ರೆ ಹಳೆ ಗಾಯದ ನರ ಹೀಗೆ ಮಂಕಾಗುತ್ತೆ. ಅರ್ಧ ಗಂಟೆ ನೋಡಿ, ಹೋಗದಿದ್ರೆ ಬನ್ನಿ" ಅಂದರು. ಅಂಗಡಿಯಾತ ಏನೂ ಕೇಳದೆ ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಇಪ್ಪತ್ತು ನಿಮಿಷಕ್ಕೆ ಎದುರಿನ ಬೋರ್ಡಿನ ಅಕ್ಷರಗಳು ಒಂದೊಂದಾಗಿ ವಾಪಸು ಬಂದವು. ಆದರೆ ಆ ಇಪ್ಪತ್ತು ನಿಮಿಷ ನನ್ನೊಳಗೆ ಉಳಿದೇ ಹೋಯಿತು. ಈಗಲೂ ಬೆಳಿಗ್ಗೆ ಎದ್ದ ಕೂಡಲೇ ಮೊದಲ ಕೆಲಸ, ಒಂದೊಂದೇ ಕಣ್ಣು ಮುಚ್ಚಿ ಫ್ಯಾನಿನ ರೆಕ್ಕೆ ನೋಡುವುದು. ಧೈರ್ಯ ಬಂದಿದೆ ಎಂದು ನಾನು ಯಾರಿಗೂ ಹೇಳುವುದಿಲ್ಲ.

ಆರು ತಿಂಗಳಾದ ಮೇಲೆ ಮತ್ತೆ ಯಂತ್ರದೊಳಗೆ ಹೋದೆ, ಮತ್ತೆ ಡಾಕ್ಟರ ಹುಬ್ಬು ನೋಡುತ್ತ ಕೂತೆ. ಚುಕ್ಕೆ ಅಲ್ಲೇ ಇದೆ, ಬೆಳೆದಿಲ್ಲ, ಹೊಸದು ಬಂದಿಲ್ಲ. ಮುಂದಿನ ವರ್ಷ ನೋಡೋಣ ಅಂದರು. ಬೀರೇಶ್ ಔಷಧಿ ತರಲು ಕೆಳಗೆ ಹೋದರು. ನಾನು ಹೊರಗಿನ ಹಾಲಿನಲ್ಲಿ ಕೂತೆ.

ಎದುರಿನ ಬೆಂಚಿನಲ್ಲಿ ಗಂಡ ಹೆಂಡತಿ. ಹಿರಿಯೂರು ತಾಲ್ಲೂಕಿನ ಹರಿಯಬ್ಬೆ ಕಡೆಯವರು ಎಂದು ಆಮೇಲೆ ತಿಳಿಯಿತು. ಆಕೆಗೆ ಮೂವತ್ತೈದು ಇರಬಹುದು. ಎಡಗೈಗೆ ಡ್ರಿಪ್ಪಿನ ಸೂಜಿ ಕಟ್ಟಿತ್ತು, ಮುಖ ಊದಿತ್ತು. ಆ ಊತ ನನಗೆ ಗೊತ್ತು. ಗಂಡ ಆಕೆಯ ಬಲಗಡೆ ಕೂತು, ಮೆತ್ತಗೆ ಆದರೆ ಬೇಸರದಲ್ಲಿ ಹೇಳುತ್ತಿದ್ದ: "ಡಾಕ್ಟ್ರು ಕೇಳಿದ್ರೆ ಸರಿಯಾಗಿ ಹೇಳ್ಬೇಕಲ್ವೇನೆ? ಕಾಣ್ತೈತೆ ಅಂತೀಯ, ಕಾಣಲ್ಲ ಅಂತೀಯ. ಎರಡರಲ್ಲಿ ಯಾವುದು?"

"ಎರಡೂ ರೀ" ಅಂದಳು ಆಕೆ. "ಹೆಂಗ್ ಹೇಳ್ಲಿ ನಾನು?"

ಸುಮ್ಮನಿರಲು ಆಗಲಿಲ್ಲ. ಎದ್ದು ಆಕೆಯ ಪಕ್ಕ ಹೋದೆ. "ಅಮ್ಮಾ, ಬಲಗಣ್ಣೇನು?" ಎಂದು ಕೇಳಿದೆ. ತಲೆಯಾಡಿಸಿದಳು. ಫೋನು ತೆಗೆದು ಅಪ್ಪನ ಚಿತ್ರಗಳನ್ನು ತೆರೆದೆ. "ಇದು ನಮ್ಮಪ್ಪ. ನಂಗೆ ಕಾಯಿಲೆ ಬಂದಾಗ ದಿನಾ ಹೆಂಗೆ ಕಾಣ್ತಿದ್ದ ಅಂತ ಬರೆದಿದ್ದು. ಎಡಗಣ್ಣಲ್ಲಿ ನೋಡ್ರಿ. ಇದ್ರಾಗೆ ಯಾವುದಾದ್ರೂ ನಿಮ್ ಬಲಗಣ್ಣಿನ ಹಂಗೆ ಐತಾ?"

ಆಕೆ ಒಂದೊಂದಾಗಿ ಸರಿಸಿದಳು. ಹದಿನೇಳನೆಯದರಿಂದ ಹಿಂದಕ್ಕೆ ಹೋಗುತ್ತಿದ್ದಳು, ಮುಖ ತುಂಬಿದ ಅಪ್ಪನಿಂದ ಮುಖವಿಲ್ಲದ ಅಪ್ಪನ ಕಡೆಗೆ. ಎರಡನೇ ದಿನದ ಚಿತ್ರ ಬಂದಾಗ ಬೆರಳು ನಿಂತಿತು. ಬೂದಿ ತಲೆ, ಒಣಹುಲ್ಲಿನ ಬಣ್ಣದ ರುಮಾಲಿನ ಒಂದು ಅಂಚು, ಹೆಗಲ ಮೇಲೆ ಕಂಬಳಿ.

"ಇದೇ" ಅಂದಳು. ಆಮೇಲೆ ಫೋನನ್ನು ಗಂಡನ ಕಡೆ ತಿರುಗಿಸಿ, "ರೀ, ಇದೇ ಕಣ್ರೀ. ಹಿಂಗೇ ಕಾಣ್ತೀರಿ ನೀವು" ಅಂದಳು.

ಅವನು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೋಡಿದ. ಹೆಂಡತಿಯ ಮುಖ ನೋಡಿದ, ಮತ್ತೆ ಚಿತ್ರ ನೋಡಿದ. ಫೋನನ್ನು ನನಗೆ ವಾಪಸು ಕೊಟ್ಟ. ಬೆಂಚಿನಿಂದ ಎದ್ದು, ಆಕೆಯ ಮುಂದಿನಿಂದ ದಾಟಿ ಬಂದು, ಎಡಗಣ್ಣಿನ ಕಡೆ ಕೂತುಕೊಂಡ.